ಖಾಲಿ ಕ್ಯಾನಿಗೆ ತುಂಬಿದ ನೀರು

ಇವತ್ತು ಬೆಳಗ್ಗೆ ಬಾಗಿಲ ಮುಂದೆ ಡಣಡಣ ಅಂತ ಸದ್ದಾಯಿತು. ನೋಡದೇ ಗೊತ್ತಾಯಿತು, ಖಾಲಿ ಹಾಲಿನ ಕ್ಯಾನು ಬಿದ್ದ ಸದ್ದು. ತುಂಬಿದ್ದು ಬಿದ್ದರೆ ದಪ್ಪಗೆ ಒಂದೇ ಸಲ ಬೀಳುತ್ತದೆ. ಖಾಲಿದು ಬಿದ್ದರೆ ಬಾಯಿ ಬಡಕೊಳ್ಳುತ್ತಾ ಉರುಳುತ್ತದೆ.

ಹೊರಗೆ ಬಂದರೆ ಆಷಾಢದ ಗಾಳಿ. ಪಕ್ಕದ ಮನೆ ಸೊಸೆ ಮಂಜುಳಾ ಸ್ಕೂಟರು ನಿಲ್ಲಿಸೋಕೆ ಒದ್ದಾಡ್ತಿದ್ದಳು. ದಿನಾ ಬೆಳಗ್ಗೆ ಸಂಜೆ ಬಂಗಾರಪೇಟೆಗೆ ಹೋಗಿ ಒಂದು ಹೋಟೆಲಿಗೆ ಹಾಲು ಹಾಕಿ ಬರೋಳು ಅವಳು. ಮೊಣಕೈ ತರಚಿ ರಕ್ತ ಬರ್ತಿತ್ತು.

"ಏನಾಯ್ತೇ?"

"ಕೆರೆ ಏರಿ ಮ್ಯಾಲೆ ಗಾಳಿ ತಳ್ಬುಡ್ತಜ್ಜಿ. ಓಗುವಾಗ ಏನೂ ಆಗಿಲ್ಲ. ಬರುವಾಗ್ಲೇ."

"ಬರುವಾಗ ಕ್ಯಾನು ಖಾಲಿ. ನೀರು ತುಂಬುಸ್ಕೊಂಡು ಬರಕ್ಕೇನಾಗಿತ್ತೇ ನಿಂಗೆ?"

ಅವಳು ನಕ್ಕಳು. "ಆಲಿನ ಕ್ಯಾನಿಗೆ ನೀರಾ? ಯಾರಾನ ನೋಡುದ್ರೆ ನನ್ನ ಕತೆ ಮುಗೀತು. ನಾಳೆಯಿಂದ ಓಟ್ಲವನು ಆಲೇ ತಗಳಲ್ಲ."

ಅವಳ ಮೇಲಲ್ಲ ನನಗೆ ಸಿಟ್ಟು ಬಂದಿದ್ದು. ಸಿಟ್ಟು ಹಳೇದು, ನಲವತ್ತು ವರ್ಷ ಆಗ್ತಾ ಬಂತು. ಇನ್ನೂ ಆರಿಲ್ಲ. ಬನ್ನಿ, ಈ ಜಗಲಿ ಮೇಲೆ ಕೂತುಕೊಳ್ಳಿ, ಹೇಳ್ತೀನಿ. ನಾಲ್ಕನೇ ಕ್ಲಾಸಿಗೆ ಬಿಟ್ಟವಳು ನಾನು, ಹಿಂದಿನದು ಮುಂದೆ ಮುಂದಿನದು ಹಿಂದೆ ಆದರೆ ನೀವೇ ಸರಿ ಮಾಡಿಕೊಳ್ಳಿ.

ಆಗ ನಮಗೆ ನಾಲ್ಕು ಹಸು. ನಮ್ಮೂರು ಬಂಗಾರಪೇಟೆಯಿಂದ ಬೂದಿಕೋಟೆ ಕಡೆಗೆ. ಹಾಲು ಹಾಕ್ತಿದ್ದದ್ದು ಮಾತ್ರ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ಸ್ ಗಣಿ ಕೆಲಸದವರ ಲೈನು ಮನೆಗಳಿಗೆ. ನಮ್ಮ ಯಜಮಾನ ಒಂದು ಹಳೇ ಮೋಟರ್ ಸೈಕಲ್ ತಂದ. ಹಿಂದೆ ಕಬ್ಬಿಣದ ಚೌಕಟ್ಟು ಕಟ್ಟಿಸಿ ಆ ಕಡೆ ಒಂದು ಕ್ಯಾನು, ಈ ಕಡೆ ಒಂದು ಕ್ಯಾನು, ನಡುವೆ ನಾನು. ಒಂದೇ ಕಡೆ ಕಾಲು ಹಾಕಿ ಕೂರೋಕೆ ಕ್ಯಾನು ಜಾಗ ಬಿಡಬೇಕಲ್ಲ? ಸೀರೆ ಕಚ್ಚೆ ಹಾಕಿ ಗಂಡಸರ ಹಾಗೆ ಕೂರ್ತಿದ್ದೆ. ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ದಿನಾ ಕೂಗೋನು, "ಏನಮ್ಮೋ, ಕುದ್ರೆ ಮ್ಯಾಲೆ ಎಲ್ಗೆ ದಂಡ್ಯಾತ್ರೆ?" "ನಿಮ್ಮಪ್ಪನ ಮನೆಗೆ" ಅಂತಿದ್ದೆ ನಾನೂ ದಿನಾ. ಇಬ್ಬರಿಗೂ ಅದು ರೂಢಿಯಾಗಿಹೋಗಿತ್ತು.

ಯಜಮಾನ ಕಡ್ಡಿ ಆಳು. ಮಾತು ಕಮ್ಮಿ. ಆದರೆ ಗಾಡಿ ವಿಷಯಕ್ಕೆ ಬಂದರೆ ಮೇಷ್ಟ್ರು. "ಗಾಳಿ ಬಂದಾಗ ಹ್ಯಾಂಡಲ್ಲು ಇಸುಕಬಾರ್ದು ಕಣೆ. ಇಸುಕಿದಷ್ಟೂ ಗಾಡಿ ಮೊಂಡಾಟ ಮಾಡ್ತದೆ. ಮೆತ್ತಗೆ ಇಡ್ಕೊಂಡು, ನಿಧಾನುಕ್ಕೆ ಓಗ್ಬೇಕು" ಅನ್ನೋನು. ಎದುರಿಗೆ ಬಸ್ಸು ಬಂದರೆ, ಅದು ಪಕ್ಕದಲ್ಲಿ ಹೋಗುವಷ್ಟು ಹೊತ್ತು ಗಾಳಿ ನಿಲ್ಲುತ್ತದೆ, ಆಮೇಲೆ ಒಂದೇ ಸಲ ಮೈಮೇಲೆ ಬೀಳುತ್ತದೆ, ನಿಂತಾಗಲೇ ಹುಷಾರು ಅನ್ನೋನು. ಮೊದಲ ಹನಿ ಬಿದ್ದ ಕೂಡಲೆ ಗಾಡಿ ನಿಲ್ಲಿಸಿಬಿಡೋನು. ರಸ್ತೆ ಮೇಲಿನ ಬಿಳಿ ಧೂಳು ನೆನೆದು ಬೆಣ್ಣೆ ಹಾಗೆ ಜಾರುತ್ತೆ, ಚೆನ್ನಾಗಿ ಹುಯ್ದು ತೊಳೆದುಹೋಗಲಿ, ಆಮೇಲೆ ಹೋಗೋಣ ಅಂತ. ನನಗೆ ಹೇಳಿಕೊಟ್ಟದ್ದು ಒಂದೇ: "ಗಾಡಿ ಬಗ್ಗಿದ ಕಡೆ ನೀನೂ ಬಗ್ಗು." ಬಗ್ಗೋ ಹೆಂಗಸೇ ನಾನು? ಗಾಡಿ ಎಡಕ್ಕೆ ಹೋದರೆ ನಾನು ಬಲಕ್ಕೆ. ಅದನ್ನು ಕಲಿಯೋಕೆ ನನಗೆ ಎರಡು ವರ್ಷ ಹಿಡಿಯಿತು.

ಆ ಬಿಳಿ ಧೂಳು ಎಲ್ಲಿಂದ ಅಂದರೆ ಸೈನೈಡ್ ದಿಬ್ಬದಿಂದ. ಚಿನ್ನ ತೆಗೆದಾದ ಮೇಲೆ ಉಳಿದ ಮಣ್ಣು ಸುರಿದೂ ಸುರಿದೂ ಗುಡ್ಡಗಳೇ ಎದ್ದಿದ್ದವು. ಒಂದು ಕಡ್ಡಿ ಹುಲ್ಲು ಹುಟ್ಟುತ್ತಿರಲಿಲ್ಲ. ಚಿನ್ನ ಯಾರದೋ ಕತ್ತಿಗೆ ಹೋಯಿತು, ಧೂಳು ನಮ್ಮ ಕಣ್ಣಿಗೆ. ನಾವು ಹೋಗುವ ದಾರಿ ಅಂಥ ಎರಡು ದಿಬ್ಬಗಳ ನಡುವೆ ಹಾದುಹೋಗುತ್ತಿತ್ತು. ಆಷಾಢದಲ್ಲಿ ಆ ಸಂದಿನಿಂದ ನುಗ್ಗುವ ಗಾಳಿ ಅಡ್ಡಡ್ಡ ಹೊಡೆಯೋದು. ಹೋಗುವಾಗ ಏನೋ ಒಂದು ಹೋಗ್ತಿದ್ದೆವು. ಬರುವಾಗ ಮಾತ್ರ ಗಾಡಿಗೆ ದೆವ್ವ ಹಿಡಿದ ಹಾಗೆ ಎಳೆದಾಡುತ್ತಿತ್ತು. ಆ ಜಾಗದಲ್ಲಿ ಏನೋ ಇದೆ ಅಂತ ನಾನು ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದೆ. ಮಾರನೇ ದಿನ ನಿಂಬೆಹಣ್ಣೇ ಹಾರಿಹೋಯಿತು.

ಆಮೇಲೆ ಒಂದು ದಿನ ಲೈನಿನಲ್ಲಿ ಯಾರೋ ತೀರಿಕೊಂಡಿದ್ದರು, ಹಾಲು ಖರ್ಚಾಗಲಿಲ್ಲ. ತುಂಬಿದ ಕ್ಯಾನು ಹಾಗೇ ವಾಪಸು ತಂದೆವು. ಗಾಳಿ ಅವತ್ತೂ ಅಷ್ಟೇ ಇತ್ತು. ಗಾಡಿ ಮಾತ್ರ ಎತ್ತಿನಗಾಡಿ ಹಾಗೆ ಕೂತು ಬಂತು. ಊರು ಮುಟ್ಟಿದ ಮೇಲೆ ಯಜಮಾನ ಕ್ಯಾನಿನ ಮೇಲೆ ಕೈ ಇಟ್ಟು ಅಲ್ಲಾಡಿಸಿ ನೋಡಿದ. "ದೆವ್ವ ಅಲ್ಲ ಕಣೆ. ಭಾರ. ಗಾಳಿಗೆ ಭಾರ ಬೇಕು."

ಅವತ್ತಿನಿಂದ ಬರುವಾಗ ನೀರು. ಕಲ್ಲು ಹಾಕಿದರೆ ಕ್ಯಾನು ನೆಗ್ಗುತ್ತದೆ, ಮರಳು ಹಾಕಿದರೆ ಬೆಸುಗೆ ಸಂದಿಯಲ್ಲಿ ಕೂತು ನಾಳೆ ಹಾಲು ಒಡೆಯುತ್ತದೆ. ನೀರೇ ಸರಿ. ಅರ್ಧ ಹಾಕಬಾರದು, ಒಳಗೇ ಅಲೆ ಹೊಡೆದು ಗಾಡಿ ಎಳೆಯುತ್ತದೆ. ಕತ್ತಿನವರೆಗೆ ತುಂಬಬೇಕು. ಮನೆಗೆ ಬಂದ ಮೇಲೆ ಹಸುಗಳಿಗೆ. ಹಾಲಿನ ವಾಸನೆಗೆ ಮೂತಿ ಅದ್ದಿ ಕುಡಿಯೋವು.

ನೀರು ಎಲ್ಲಿ ತುಂಬೋದು? ಲೈನಿನ ನಲ್ಲಿ ಮುಂದೆ ಬಿಂದಿಗೆಗಳು ಸಾಲುಗಟ್ಟಿ ನಿಂತಿರೋವು. ಕುಡಿಯೋಕೇ ಸಾಲದ ನೀರು. ಅಲ್ಲಿ ಹೋಗಿ ಕ್ಯಾನು ಇಡೋಕೆ ನನಗೆ ಮನಸ್ಸಾಗಲಿಲ್ಲ. ಮನೆಗಳ ಹಿಂದೆ ಒಂದು ಪೈಪು ಒಡೆದು ನೀರು ಚರಂಡಿಗೆ ಹೋಗ್ತಿತ್ತು. ಗೋಡೆ ಮರೆಯಲ್ಲಿ ಕೂತು ಅಲ್ಲೇ ಹಿಡೀತಿದ್ದೆ. ಯಾರದೂ ಕಸಿದದ್ದಲ್ಲ, ಯಾರಿಗೂ ಹೇಳಿದ್ದೂ ಇಲ್ಲ.

ಅಲ್ಲಿ ನನ್ನನ್ನು ನೋಡಿದ್ದು ಕಣ್ಣಮ್ಮ. ದಿನಾ ನನ್ನ ಹತ್ತಿರ ಹಾಲು ಹಾಕಿಸಿಕೊಳ್ಳೋಳು, ಗಂಡ ಗಣಿಯೊಳಗೆ ಇಳಿಯೋನು. ತಮಿಳು, ಕನ್ನಡ ಕಲಸಿ ಮಾತಾಡೋಳು. ಗೋಡೆ ಪಕ್ಕ ನಿಂತು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳ್ತಿದ್ದೆ. ನೇರವಾಗಿ ನಲ್ಲಿ ಹತ್ತಿರ ಹೋಗಿ ಸಾಲಿನಲ್ಲಿದ್ದವರಿಗೆಲ್ಲ ಹೇಳಿದಳು.

ಮಾರನೇ ದಿನ ಹೋದರೆ ಅರ್ಧ ಮನೆಗಳ ಬಾಗಿಲು ಹಾಕಿತ್ತು. ತೆಗೆದವರು ಪಾತ್ರೆಗೆ ಬೆರಳು ಅದ್ದಿ ಉಗುರಿನ ಮೇಲೆ ಹಾಲಿನ ಹನಿ ಇಟ್ಟುಕೊಂಡು ನೋಡ್ತಾರೆ. ಕಣ್ಣಮ್ಮ ಹೊಸಲ ಮೇಲೆ ನಿಂತು, "ಏನಕ್ಕಾ, ಇವತ್ತು ಪಾಲು ಎಷ್ಟು, ತಣ್ಣಿ ಎಷ್ಟು?" ಅಂದಳು. ಹಾಲೆಷ್ಟು, ನೀರೆಷ್ಟು ಅಂತ! ಅಕ್ಕಪಕ್ಕದವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

"ಗಾಡಿ ಗಾಳಿಗೆ ಬೀಳ್ಬಾರ್ದು ಅಂತ ತುಂಬೋದು ಕಣಮ್ಮ. ಆಲು ಹಾಕಿ ಆದ್ಮ್ಯಾಲೆ ತುಂಬೋದು" ಅಂದೆ.

"ನಾಳೆ ಅದ್ರ ಮೇಲೇನೆ ಕರೆಯೋದಾ ಅಕ್ಕಾ?"

ನೀವೇ ಹೇಳಿ. ನೀರು ಬೆರೆಸೋಳಾಗಿದ್ದರೆ ನಮ್ಮೂರ ಬಾವಿಯಲ್ಲಿ ನೀರಿರಲಿಲ್ವಾ? ಕೆಜಿಎಫ್‌ನ ಚರಂಡಿ ಪಕ್ಕದ ನೀರನ್ನು ಅಷ್ಟು ದೂರ ಹೊತ್ತು, ಗಾಳಿಯಲ್ಲಿ ಜೀವ ಕೈಯಲ್ಲಿ ಹಿಡಕೊಂಡು ಒಯ್ದು, ಮಾರನೇ ದಿನ ಅಷ್ಟೇ ದೂರ ವಾಪಸು ತಂದು ಮಾರಬೇಕಾ? ಇಷ್ಟು ಯೋಚನೆ ಮಾಡೋ ಬುದ್ಧಿ ಆ ಲೈನಿನಲ್ಲಿ ಒಬ್ಬಳಿಗೂ ಇರಲಿಲ್ಲ. ನಾನು ಹಾಲು ಅಳೆದು ಆದಮೇಲೆ ಕೊಸರು ಹಾಕ್ತಿದ್ದೆನಲ್ಲ, ಅದೂ ನೆನಪಿಗೆ ಬರಲಿಲ್ಲ. ನಾಲ್ಕು ಹಸು ಇಟ್ಟುಕೊಂಡು ನಾನು ಸಂಪಾದಿಸಿದ್ದು ಅದೊಂದೇ ಹೆಸರು, ಇವಳ ಹಾಲು ಕೆನೆ ಕಟ್ಟುತ್ತೆ ಅಂತ.

ನಾನು ಜಗಳಕ್ಕೆ ನಿಂತೆ. ಯಜಮಾನ ನಿಲ್ಲಲಿಲ್ಲ. ಅವನಿಗೆ ಮರ್ಯಾದೆ ದೊಡ್ಡದು. ಮೂರನೇ ದಿನ ನಾನು ಕ್ಯಾನು ಎತ್ತಿಕೊಂಡು ಪೈಪಿನ ಕಡೆ ಹೊರಟರೆ, "ಬ್ಯಾಡ ಬಾರೆ. ಎಲ್ರೂ ನೋಡ್ತಾವ್ರೆ. ಬರೀ ಕ್ಯಾನಲ್ಲೇ ಓಗಾನ" ಅಂದ.

"ಗಾಳಿ ನೋಡ್ದಾ ಎಂಗದೆ?"

"ನಿಧಾನುಕ್ಕೆ ಓಗ್ತೀನಿ ಕಣೆ. ಅತ್ತು."

ಹತ್ತಿದೆ. ಗಾಳಿಗೆ ಹೇಗೆ ನಡಕೋಬೇಕು ಅಂತ ಗೊತ್ತಿದ್ದ ಮನುಷ್ಯ, ಜನ ನೋಡ್ತಾರೆ ಅಂತ ಗೊತ್ತಿದ್ದನ್ನೆಲ್ಲ ಬಿಟ್ಟ. ಕ್ಯಾನುಗಳು ದಾರಿಯುದ್ದಕ್ಕೂ ಕಣಕಣ ಅಂತಿದ್ದವು. ದಿಬ್ಬದ ಸಂದಿಗೆ ಬಂದೆವು, ಎದುರಿಗೆ ಬಸ್ಸು. ಬಸ್ಸು ಪಕ್ಕಕ್ಕೆ ಬಂದಾಗ ಗಾಳಿ ನಿಂತಿತು. "ಉಷಾರು" ಅಂದ. ಬಸ್ಸು ದಾಟಿತು. ಯಾರೋ ಭುಜ ಕೊಟ್ಟು ತಳ್ಳಿದ ಹಾಗಾಯಿತು. ನಾನು ಬಗ್ಗಬೇಕಾದ ಕಡೆಗೇ ಬಗ್ಗಿದೆ, ದೇವರಾಣೆ. ಆದರೂ ಗಾಡಿ ರಸ್ತೆ ಬಿಟ್ಟು ಮಲಗಿತು. ನಾನು ಧೂಳಿನಲ್ಲಿ ಬಿದ್ದು ಬೈಯುತ್ತಾ ಎದ್ದೆ. ಅವನು ಏಳಲಿಲ್ಲ. ಬಲಗಾಲು ಗಾಡಿ ಕೆಳಗಿತ್ತು, ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು.

ಪಾಳಿ ಮುಗಿಸಿ ಬರುತ್ತಿದ್ದ ಗಣಿಯವರು ಓಡಿಬಂದರು. ಅದರಲ್ಲಿ ಕಣ್ಣಮ್ಮನ ಗಂಡನೂ ಇದ್ದ. ಗಾಡಿ ಎತ್ತಿ, ಒಂದು ಲಾರಿ ತಡೆದು, ಆಸ್ಪತ್ರೆಗೆ ಸೇರಿಸಿದ್ದು ಅವರೇ. ಒಳ್ಳೇ ಜನ. ಇಲ್ಲ ಅನ್ನೋಕಾಗಲ್ಲ.

ಸಂಜೆ ಕಣ್ಣಮ್ಮ ಗಂಜಿ ತಗೊಂಡು ಬಂದಳು. ಮಂಚದ ಪಕ್ಕ ನಿಂತಳು. "ಕ್ಯಾನು ಖಾಲಿ ಇತ್ತಂತೆ ಅಕ್ಕಾ?"

"ಊಂ. ನಿನ್ ಬಾಯಿ ತುಂಬಿತ್ತಲ್ಲ."

ತಲೆ ಬಗ್ಗಿಸಿದಳು. "ನಂಕ್ ಗೊತ್ತಾಗಿಲ್ಲ ಅಕ್ಕಾ."

"ನಂಗೆ ಏಳ್ಬೇಡ. ಓಗಿ ನಲ್ಲಿ ಅತ್ರ ಏಳು. ಎಲ್ಲಿ ಏಳಿದ್ಯೋ ಅಲ್ಲೇ ಏಳು."

ಹೂಂ ಅಂದಳು. ಹೇಳಲಿಲ್ಲ. ಗಂಜಿ ಕೊಟ್ಟಳು, ಪೊಂಗಲ್‌ಗೆ ಕಬ್ಬು ಕೊಟ್ಟಳು, ಮತ್ತೆ ನನ್ನ ಹತ್ತಿರವೇ ಹಾಲು ಹಾಕಿಸಿಕೊಂಡಳು. ನಾನು ಪೈಪಿನ ಹತ್ತಿರ ಹೋದರೆ ಅವಳೇ ಬಂದು ಕ್ಯಾನು ಹಿಡಿಯೋಳು. ಗೋಡೆ ಮರೆಯಲ್ಲಿ ಇಬ್ಬರೂ ನೀರು ತುಂಬ್ತಿದ್ದೆವು. ನಲ್ಲಿ ಮುಂದೆ ನಿಂತು "ನಾನು ಹೇಳಿದ್ದು ಸುಳ್ಳು" ಅನ್ನೋ ಒಂದು ಮಾತು ಮಾತ್ರ ಅವಳ ಬಾಯಲ್ಲಿ ಬರಲೇ ಇಲ್ಲ. ದೂರು ಕೂಗಿ ಹೇಳೋಕೆ ಬಂದ ಗಂಟಲು, ತಪ್ಪಾಯ್ತು ಅನ್ನೋಕೆ ಕಟ್ಟಿಕೊಂಡಿತು. ಕೆಲವು ಮನೆ ನನಗೆ ಮತ್ತೆ ಬಾಗಿಲು ತೆಗೆಯಲೇ ಇಲ್ಲ. ಯಜಮಾನನ ಕಾಲು ಕೂಡಿಕೊಂಡಿತು, ಮಡಿಸೋಕೆ ಬರಲಿಲ್ಲ. ಆಮೇಲೆ ಗಾಡಿಗೆ ಕಿಕ್ ಹೊಡೆಯೋಳು ನಾನು. ನಾಲ್ಕು ಸಲ ಒದ್ದರೆ ಒಂದು ಸಲ ಹತ್ತೋದು. ಒದೆಯುವಾಗ ಯಾರನ್ನು ನೆನೀತಿದ್ದೆ ಅಂತ ಕೇಳಬೇಡಿ. ಈಗ ಅವನಿಲ್ಲ. ಕಣ್ಣಮ್ಮ ಎಲ್ಲಿದ್ದಾಳೋ ಗೊತ್ತಿಲ್ಲ.

ಇದನ್ನೆಲ್ಲ ಮಂಜುಳಾಗೂ ಹೇಳಿದೆ, ಅವಳ ಮೊಣಕೈಗೆ ಅರಿಶಿನ ಒತ್ತುತ್ತಾ. ಕೇಳಿ ಅವಳು ಏನಂದಳು ಗೊತ್ತಾ? "ಅಲ್ಲಜ್ಜಿ, ಗೋಡೆ ಇಂದೆ ಯಾಕೆ ತುಂಬ್ದೆ? ಅವ್ರ ಮುಂದೇನೇ ತುಂಬಕಾಗ್ತಿರ್ಲಿಲ್ವಾ?"

ಮೈ ಉರಿಯಿತು. ನಿನ್ನೆ ಮೊನ್ನೆ ಬಂದವಳು ನನಗೆ ಬುದ್ಧಿ ಹೇಳ್ತಾಳೆ. ಅರಿಶಿನದ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. ಒಲೆ ಮುಂದೆ ಕೂತು ಯೋಚಿಸಿದೆ. ಕಣ್ಣಮ್ಮ ನಲ್ಲಿ ಹತ್ತಿರ ಹೋಗಿ ಹೇಳಲಿ ಅಂತ ಕಾದೆ ಕಾದೆ. ನನಗೆ ಕಾಲಿರಲಿಲ್ವಾ? ದಿನಾ ಆ ಸಾಲಿನ ಮುಂದೆಯೇ ಹಾದು ಗೋಡೆ ಹಿಂದಕ್ಕೆ ಹೋಗ್ತಿದ್ದೆನಲ್ಲ, ಅವಳ ಜೊತೆಗೇ. ತಪ್ಪು ಮಾಡದವಳು ತಪ್ಪು ಮಾಡಿದವಳ ಹಾಗೇ ಕೂತಿದ್ದೆ.

ಮಂಜುಳಾ ಸಂಜೆ ಹಾಲು ಹಾಕೋಕೆ ಹೊರಟಾಗ ನಾನೂ ಹಿಂದೆ ಹತ್ತಿದೆ, ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು. "ನೀನು ಕೂತ್ರೆ ನೀರೇ ಬ್ಯಾಡಜ್ಜಿ, ಭಾರ ಸಾಕು" ಅಂದಳು. "ನಾಳೆಯಿಂದ ನಾನ್ ಬರ್ತೀನೇನೆ? ಓಡ್ಸು" ಅಂದೆ.

ಬಂಗಾರಪೇಟೆಯಲ್ಲಿ ಹೋಟೆಲಿಗೆ ಹಾಲು ಹಾಕಿ ಆಯಿತು. ಕಾಫಿ ಕುಡಿಯೋರು ಹತ್ತು ಹದಿನೈದು ಜನ ನಿಂತಿದ್ದರು. ನಾನು ಎರಡು ಕ್ಯಾನೂ ತಂದು, ಅವರ ಎದುರಿಗೇ ಇದ್ದ ಕೈ ತೊಳೆಯೋ ನಲ್ಲಿ ಕೆಳಗೆ ಇಟ್ಟು ತಿರುಗಿಸಿದೆ. ಹೋಟೆಲಿನವನು ಗಲ್ಲಾ ಬಿಟ್ಟು ಎದ್ದುಬಂದ. "ಏನಜ್ಜಿ, ಏನ್ ಮಾಡ್ತಿದೀರ?"

"ಹಾಲಿನ ಕ್ಯಾನಿಗೆ ನೀರು ತುಂಬ್ತಾ ಇದೀನಿ. ಚೆನ್ನಾಗಿ ನೋಡ್ಕೊಳಪ್ಪಾ. ಇವಳು ಇನ್ನು ಗಾಳಿ ನಿಲ್ಲೋ ತನಕ ದಿನಾ ತುಂಬ್ತಾಳೆ, ಇಲ್ಲೇ, ನಿನ್ನ ಕಣ್ಮುಂದೆ. ಖಾಲಿ ಕ್ಯಾನು ಗಾಳಿಗೆ ಗಾಡಿ ಬೀಳಿಸ್ತದೆ. ಗೊತ್ತಾಯ್ತಾ? ಎಲ್ರಿಗೂ ಗೊತ್ತಾಯ್ತಾ?"

ಕಾಫಿ ಲೋಟ ಹಿಡಿದವರು ಬಗ್ಗಿ ನೋಡಿದರು. ಕತ್ತಿನವರೆಗೆ ತುಂಬಿಸಿದೆ, ಮುಚ್ಚಳ ಬಡಿದೆ. ಎತ್ತೋಕೆ ಆಗಲಿಲ್ಲ. ಹೋಟೆಲಿನವನೇ ಎತ್ತಿ ಸ್ಕೂಟರಿಗೆ ಸಿಕ್ಕಿಸಿಕೊಟ್ಟ.

ಕೆರೆ ಏರಿ ಮೇಲೆ ಗಾಳಿ ಬಂತು. ಸೆರಗು ಪಟಪಟ ಹೊಡೆಯಿತು. ಮಂಜುಳಾ ಕೂಗಿದಳು, "ಅಜ್ಜೀ, ಗಾಡಿ ಅಲ್ಲಾಡ್ನೇ ಇಲ್ಲ!"

"ಹ್ಯಾಂಡಲ್ಲು ಇಸುಕ್ಬೇಡ" ಅಂದೆ. "ರಸ್ತೆ ನೋಡು."