ಹೊಸ ಚಾಸಿಗೆ ಹಳೆ ಮೂತಿ

ರಾಯಚೂರು ಮುಗಿದು ಮಾನ್ವಿ ರಸ್ತೆ ಶುರುವಾಗುವ ಕಡೆ ನಬೀಸಾಬ್ ಲಾರಿಗಳಿಗೆ ಬಾಡಿ ಕಟ್ಟಲು ಕೂತು ನಲವತ್ತು ವರ್ಷವಾಯಿತು. ಬರೀ ಎಂಜಿನ್ನು, ಚಾಸಿ ಎಂಬ ಉಕ್ಕಿನ ಅಡಿಗಟ್ಟು, ಗಾಲಿ ಹೊತ್ತು ಬೋಳಾಗಿ ಬಂದ ಲಾರಿಗೆ ಕಟ್ಟಿಗೆ ಕೊಯ್ದು, ತಗಡು ಬಡಿದು ರೂಪ ಕೊಟ್ಟು ಕಳಿಸುವವನು ಅವನು. ಬಾಯಿ ಮಾತ್ರ ಬಲು ಜೋರು. ಕೆಲಸದಲ್ಲಿ ಐಬು ಹುಡುಕಿದ ಗಿರಾಕಿಗೆ, "ಲಾರಿ ಹೊಡಿಯೂದು ನೀ ನೋಡ್ಕೋ, ಕಟ್ಟೂದು ನನಗ ಬಿಡು" ಎಂದುಬಿಡುತ್ತಿದ್ದ. ಅಂಥವನಿಗೆ ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ. ಕಾರಣ ಒಂದು ಬಾಗಿಲು.

ಮಾನ್ವಿಯ ಮೂಕಪ್ಪ ಇಪ್ಪತ್ತೆಂಟು ವರ್ಷ ಓಡಿಸಿದ ಲಾರಿಯ ಬಾಗಿಲು ಅದು. ಲಾರಿ ಉದ್ದ ಮೂತಿಯ ಹಳೆಯ ಕಾಲದ್ದು. ಚಾಸಿ ತುಕ್ಕು ತಿಂದು ಮುರಿದಿತ್ತು. ದೇವದುರ್ಗದಲ್ಲಿ ಮೇಷ್ಟ್ರಾಗಿರುವ ಮಗ ಹುಲಿಗೇಶ ಹೊಸ ಚಾಸಿ ತಂದು ನಿಲ್ಲಿಸಿ, "ಇದರ ಮ್ಯಾಲೆ ಅಪ್ಪನ ಕ್ಯಾಬಿನ್ ಇದ್ದಂಗ ಕೂಡಿಸಿಕೊಡ್ರಿ ನಬೀಸಾಬ್ರ. ಇಂಥಾದು ಇನ್ನೊಂದು ಹುಡುಕಿದ್ರೂ ಸಿಗಂಗಿಲ್ಲ" ಎಂದಿದ್ದ. ಅದೇನು ಮಹಾ ಎಂದು ನಬೀಸಾಬ್ ಒಪ್ಪಿಕೊಂಡಿದ್ದ.

ಕಟ್ಟಿಗೆಯ ಕ್ಯಾಬಿನ್ ಕಟ್ಟುವವರಿಗೆ ಬಾಗಿಲು ಕೊನೆಯ ಕೆಲಸ. ಚೌಕಟ್ಟು ಹೇಗೆ ನಿಂತಿದೆಯೋ ಹಾಗೆ ಬಾಗಿಲು ಹೆರೆದು ಕೂಡಿಸಿದರಾಯಿತು. ಅದೇ ರೂಢಿಯಲ್ಲಿ ಅವನು ಮೊದಲು ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿದ, ಆಮೇಲೆ ತುಕ್ಕು ಹಿಡಿದ ನೆಲದ ತಗಡು ಕೊಯ್ದ, ಆಮೇಲೆ ಕ್ಯಾಬಿನ್ನಿಗೆ ಸರಪಳಿ ಹಾಕಿ ಎತ್ತಿದ. ಇದು ಕಟ್ಟಿಗೆಯದಲ್ಲ, ಪೂರಾ ತಗಡಿನ ಮೈ, ಬಾಗಿಲ ಸಂದಿಗೆ ಅಡ್ಡಪಟ್ಟಿ ಬೆಸೆಯದೆ ನೆಲ ಕೊಯ್ದರೆ ಜೋತುಬೀಳುತ್ತದೆ ಎಂಬುದು ಹೊಳೆಯಲೇ ಇಲ್ಲ. ಹೊಸ ಚಾಸಿಯ ಮೇಲಿಳಿಸಿ ಡ್ರೈವರ್ ಕಡೆಯ ಬಾಗಿಲು ಹಚ್ಚಿದರೆ ಮೇಲಿನ ಮೂಲೆ ಬೆರಳಗಲ ಹೊರಗೇ ನಿಂತಿತು. ತಳ್ಳಿದ, ಒದ್ದ, ಅಲ್ಲಾನನ್ನು ಕರೆದ. ಬಾಗಿಲು ಮುಚ್ಚಲಿಲ್ಲ.

ಉಳಿದದ್ದು ಎರಡೇ ದಾರಿ. ಬಾಗಿಲ ಅಂಚು ಬೆರಳಗಲ ಕೊಯ್ದು ಬಣ್ಣ ಬಳಿಯುವುದು. ಇಲ್ಲವೇ ಜಾಕಿ ಇಟ್ಟು ಜೋತುಬಿದ್ದ ಮೈಯನ್ನು ಎತ್ತುವುದು. ಎತ್ತುವಾಗ ಬಾಗಿಲ ಪಕ್ಕದ ತುಕ್ಕು ತಿಂದ ಕಂಬ ಸೀಳಿದರೆ ಕ್ಯಾಬಿನ್ ಗುಜರಿಗೇ ಹೋಗಬೇಕು. ಹೆಂಡತಿ ಗುಲ್ಶನ್ ಬೇಗಂ ಕೊಯ್ದು ಕಳಿಸಿಬಿಡಿ ಎಂದಳು. ಆದರೆ ಮೂಕಪ್ಪ ಕತ್ತಲಲ್ಲಿ ಕೈಯಾಡಿಸಿದರೂ ತನ್ನ ಬಾಗಿಲು ಗುರುತು ಹಿಡಿಯುವ ಆಸಾಮಿ. ನಬೀಸಾಬನಿಗೆ ಹೆದರಿಕೆ ಅದೇ.

ಸೋಮವಾರ ಬೆಳಿಗ್ಗೆ ಕೊನೆಗೂ ಗಟ್ಟಿ ಮನಸ್ಸು ಮಾಡಿ ಬಾಗಿಲ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದ. ಕೊಯ್ಯುವ ಮಷೀನು ಕೈಗೆತ್ತಿಕೊಳ್ಳುವಾಗ ಮೂಕಪ್ಪ ಬಸ್ಸಿಳಿದು ಬಂದೇಬಿಟ್ಟ.

"ಇದೇನ್ ಗೆರಿ, ಮೇಸ್ತ್ರಿ?"

ನಾಲಿಗೆ ತುದಿಯಲ್ಲಿ ಹತ್ತು ಸುಳ್ಳು ಬಂದು ನಿಂತವು. ನಬೀಸಾಬ್ ಎಲ್ಲವನ್ನೂ ನುಂಗಿದ. "ಮೂಕಪ್ಪಣ್ಣಾ, ತಪ್ಪು ನಂದು. ಬಾಗಲಾ ಮೊದಲ ಬಿಚ್ಚಿದ್ನಿ, ಮೈ ಜೋತುಬಿದ್ದದ. ಕೊಯ್ದ್ರ ಬಾಗಲಾ ಹೋಗ್ತದ. ಎತ್ತಿದ್ರ ಕ್ಯಾಬಿನ್ನ ಸೀಳಬಹುದು."

ಮೂಕಪ್ಪ ಗೆರೆಯ ಮೇಲೆ ಅಂಗೈ ಆಡಿಸಿದ. ಸುಣ್ಣ ಅಳಿಸಿಹೋಯಿತು.

"ಈ ಬಾಗಲಾ ತಗದು ಒಳಗ ಕುಂದ್ರಾಕ ನನಗ ಹನ್ನೊಂದು ವರ್ಷ ಹಿಡೀತು. ಅಲ್ಲೀತನಕ ಹಮಾಲ. ಭತ್ತದ ಚೀಲದ ಮ್ಯಾಲೆ ಕುಂತು ಬರ್ತಿದ್ನಿ. ಮಳಿ ಹೊಡದ್ರೂ ಒಳಗ ಬಾ ಅಂದವರಿಲ್ಲ. ಕೊಯ್ಯಬ್ಯಾಡ. ಎತ್ತು."

ನಬೀಸಾಬ್ ಮಷೀನು ಕೆಳಗಿಟ್ಟ. ಬೋಲ್ಟು ಸಡಿಲಿಸಿ, ತಗಡಿಗೆ ಗಾಯವಾಗದಂತೆ ಕಟ್ಟಿಗೆ ತುಂಡಿಟ್ಟು ಜಾಕಿ ಕೊಟ್ಟ. ಮೂಕಪ್ಪ ಬಾಗಿಲು ಹಿಡಿದು ನಿಂತ. ಒಂದೊಂದು ಒತ್ತಿಗೂ ತುಕ್ಕು ಉದುರಿತು. ನಾಲ್ಕನೆಯದಕ್ಕೆ ಕಂಬದೊಳಗೆ ಟಣ್ ಎಂದಿತು. ನಬೀಸಾಬ್ ಕೈ ನಿಲ್ಲಿಸಿ, ಬೆವರು ಒರೆಸಿಕೊಂಡು, ಕಂಬದುದ್ದಕ್ಕೂ ಉಗುರಾಡಿಸಿ ನೋಡಿದ. ಎಲ್ಲೂ ಬಿರುಕಿರಲಿಲ್ಲ.

"ಇನ್ನೊಂದು" ಎಂದ ಮೂಕಪ್ಪ.

ನಬೀಸಾಬ್ ಕಣ್ಣು ಮುಚ್ಚಿ ಜಾಕಿ ಒತ್ತಿದ. ಬಾಗಿಲು ಕಟ್ ಎಂದು ಕೂತಿತು.

"ತಡೀರಿ, ಇನ್ನಾ ನೆಲಕ್ಕ ಪಟ್ಟಿ ಬೆಸೀಬೇಕು" ಎಂದು ನಬೀಸಾಬ್ ಹೇಳುವುದರೊಳಗೆ ಮುದುಕ ಬಾಗಿಲು ತೆಗೆದು ಹತ್ತಿ ಕೂತು, ಒಳಗಿನಿಂದ ಎಳೆದು ಮುಚ್ಚಿಕೊಂಡ.

"ಅಣ್ಣಾ, ಇಳೀರಿ! ಜಾಕಿ ಮ್ಯಾಲ ನಿಂತದ ಅದು!"

"ಇಳಿಯಂಗಿಲ್ಲ" ಎಂದ ಮೂಕಪ್ಪ, ಸ್ಟೇರಿಂಗ್ ಹಿಡಿದು.

ನಬೀಸಾಬ್ ಜಾಕಿಯ ಹಿಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನೆಲದ ಮೇಲೆ ಕೂತುಬಿಟ್ಟ.

"ಕುಂದರ್ರಿ ಹಂಗಾದ್ರ. ನಾ ಹಿಡಕೊಂಡೀನಿ."