ದಪ್ಪಕ್ಕನ ಮಧ್ಯಾಹ್ನಗಳು

ದಪ್ಪಕ್ಕ ಹೋದ ಮಂಗಳವಾರ ತೀರಿಕೊಂಡಳು. ಹೃದಯ ನಿಂತಿತು. ನಲವತ್ತೊಂದು ವರ್ಷ ಅವಳಿಗೆ.

ಕಡ್ಡಿಯಂತಿದ್ದವಳಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ ನಾವಿಬ್ಬರೂ ಹಾಸುಬಟ್ಟೆ ಮಡಿಸಿದೆವು. ಅದು ಒಬ್ಬರಿಂದಾಗುವ ಕೆಲಸವಲ್ಲ. ಎರಡೆರಡು ಮೂಲೆ ಹಿಡಿದು ಹತ್ತಿರ ಬರಬೇಕು, ಮತ್ತೆ ದೂರ ಸರಿಯಬೇಕು. ಯಂತ್ರಗಳ ಗದ್ದಲದಲ್ಲಿ ಹತ್ತಿರ ಬಂದಾಗಷ್ಟೇ ಮಾತು. ಹಾಗಾಗಿ ಅವಳ ಸಂಸಾರದ ಕತೆಯನ್ನು ನಾನು ಕೇಳಿದ್ದೆಲ್ಲ ತುಂಡುತುಂಡಾಗಿ.

ಎರಡನೇ ಹೆರಿಗೆಯಲ್ಲಿ ಅವಳ ಹೃದಯ ಸೋತಿತ್ತು. ಇನ್ನೊಮ್ಮೆ ಬಸಿರಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಗಂಡನ ಎದುರೇ ಹೇಳಿದ್ದರು. ಮಾತ್ರೆ ಅವಳಿಗೆ ಆಗದು. ಮಕ್ಕಳಾಗದ ಆಪರೇಷನ್ನಿಗೆ ಅರಿವಳಿಕೆ ಕೊಡಲು ಅವರೇ ಹೆದರಿದರು. ಗಂಡ ಮಾಡಿಸಿಕೊಳ್ಳಬಹುದಿತ್ತು. ಗೋದಾಮಿನಲ್ಲಿ ರಾತ್ರಿ ಕಾವಲುಗಾರ ಅವನು. ಕೆಟ್ಟವನಲ್ಲ, ಬೆಳಿಗ್ಗೆ ಬಂದು ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವನು. ಆದರೆ ಆಪರೇಷನ್ನಿನ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ. ಕಾಂಡೋಮ್ ಎಂದರೆ ಮುಖ ಸಿಂಡರಿಸುತ್ತಿದ್ದ.

ಇಬ್ಬರೇ ಮನೆಯಲ್ಲಿರುತ್ತಿದ್ದದ್ದು ಮಧ್ಯಾಹ್ನ ಎರಡರಿಂದ, ಮಕ್ಕಳು ಶಾಲೆಯಿಂದ ಬರುವ ನಾಲ್ಕರವರೆಗೆ ಮಾತ್ರ. ಆ ಎರಡು ಗಂಟೆಗೆ ಅವಳು ಹೆದರುತ್ತಿದ್ದಳು. ತಲೆನೋವು ಎನ್ನುತ್ತಿದ್ದಳು, ಸೊಂಟನೋವು ಎನ್ನುತ್ತಿದ್ದಳು. ‘ಈ ತಿಂಗಳು ಮೂರು ಸಲ ಮುಟ್ಟಾಗಿದೀನಿ ಕಣೆ’ ಎಂದು ಒಮ್ಮೆ ನಕ್ಕಿದ್ದಳು.

ಹೆರಿಗೆ ವಾರ್ಡಿನ ನರ್ಸಮ್ಮ ಅವಳಿಗೆ ಹೆಂಗಸರ ಕಾಂಡೋಮ್ ಕೊಟ್ಟಳು. ಜೊತೆಗಿದ್ದ ಚೀಟಿಯ ಅಕ್ಷರ ಇರುವೆಯಷ್ಟು. ನಾನೇ ಓದಿ ಹೇಳಿದೆ. ದಪ್ಪಕ್ಕ ಅದನ್ನು ಬಿಡಿಸಿ, ಎರಡು ತುದಿಯ ಉಂಗುರಗಳನ್ನು ಎಳೆದು ನೋಡಿ, ಇದು ಮನುಷ್ಯರಿಗೋ ಆನೆಗೋ ಎಂದು ಕೇಳಿದಳು. ಕೆಲವು ಗಂಟೆ ಮೊದಲೇ ಹಾಕಿಕೊಂಡಿರಬಹುದು ಎಂಬ ಸಾಲನ್ನು ಮಾತ್ರ ಎರಡು ಸಲ ಓದಿಸಿದಳು.

ಅಂದಿನಿಂದ ಪಾಳಿ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲೇ ಸಿದ್ಧವಾಗಿ ಮನೆಗೆ ಹೋಗುತ್ತಿದ್ದಳು. ಗಂಡನಿಗೆ ಗೊತ್ತಾಗದು ಎಂದುಕೊಂಡಿದ್ದಳು. ಹಾಸಿಗೆಯಲ್ಲಿ ಅದು ಸರಬರ ಎಂದಿತು. ಅವನು ಎದ್ದು ಕೂತ.

“ನನ್ನ ಕೇಳದೆ ಹಾಕ್ಕೊಂಡು ಬಂದಿದೀಯಲ್ಲ, ನಾನೇನು ಬೀದೀಲಿ ಹೋಗೋನಾ?”

“ಕೇಳಿದ್ರೆ ಬೇಡ ಅಂತೀರಿ. ಕೇಳದಿದ್ರೆ ಕಳ್ಳಿ ಅಂತೀರಿ. ನಾನು ಉಳಿಯೋದಾದ್ರೂ ಹೇಗೆ, ನೀವೇ ಹೇಳಿ.”

ಮೂರು ದಿನ ಅವನು ಮಾತು ಬಿಟ್ಟ. ಆಮೇಲೆ ಚೌಕಾಸಿ ಶುರುವಾಯಿತು. ಮೊದಲೇ ತಿಳಿಸಬೇಕು ಎಂದು ಅವನು, ತಿಳಿಸಿದ ಮೇಲೆ ತೆಗಿ ಅನ್ನಬಾರದು ಎಂದು ಇವಳು. ಸದ್ದು ಕೇಳದಿರಲಿ ಎಂದು ಅವನು ರೇಡಿಯೋ ಹಾಕತೊಡಗಿದ. ನಿಮ್ಮ ಯಜಮಾನರಿಗೆ ಹಾಡೆಂದರೆ ಪ್ರಾಣ ಅಲ್ವಾ ಎಂದು ಪಕ್ಕದ ಮನೆಯವಳು ಕೇಳಿದಳಂತೆ. ‘ಇಲ್ಲಮ್ಮ, ವಾರ್ತೆ ಬಂದ್ರೂ ಬಿಡಲ್ಲ’ ಅಂದೆ ಎಂದು ನನಗೆ ಹೇಳಿ, ಬಟ್ಟೆಯ ಮೂಲೆ ಕೈಬಿಟ್ಟು ನಕ್ಕಳು.

ವರ್ಷ ಕಳೆದ ಮೇಲೆ ಅವನೇ ಒಂದು ದಿನ, ದಿನಾ ನೀನೊಬ್ಬಳೇ ಯಾಕೆ ಒದ್ದಾಡಬೇಕು ಎಂದು ತನ್ನದೊಂದು ಪೊಟ್ಟಣ ತಂದ. ಇವಳಿಗೆ ಕಣ್ಣು ತುಂಬಿತು. ಆದರೆ ತನ್ನದನ್ನು ತೆಗೆಯಲಿಲ್ಲ. ಸೋಂಕಿನ ಬಟ್ಟೆ ನಮ್ಮಲ್ಲಿಗೆ ಬರುವುದು ಚೀಲದೊಳಗೊಂದು ಚೀಲದಲ್ಲಿ. ಒಂದು ಹರಿದರೆ ಇನ್ನೊಂದಿರಲಿ ಎಂದು. ವರ್ಷಗಟ್ಟಲೆ ಅದನ್ನೇ ನೋಡಿದವಳು ಇಲ್ಲೂ ಹಾಗೇ ಲೆಕ್ಕ ಹಾಕಿದಳು. ಎರಡೂ ಒಂದಕ್ಕೊಂದು ಉಜ್ಜಿ ಹರಿದುಹೋದವು.

ನಾಚಿಕೆಯಿಂದ ವಾರಗಟ್ಟಲೆ ಬಾಯಿಬಿಡಲಿಲ್ಲ. ಕೊನೆಗೆ ನನಗೆ ಹೇಳಿದಾಗ ನಾನೇ ನರ್ಸಮ್ಮನ ಹತ್ತಿರ ಎಳೆದುಕೊಂಡು ಹೋದೆ. ಎರಡನ್ನೂ ಒಟ್ಟಿಗೆ ಬಳಸಲೇಬಾರದು, ಆ ದಿನವೇ ಬಂದಿದ್ದರೆ ಬಸಿರು ತಡೆಯಲು ಮಾತ್ರೆಯಲ್ಲದ ಬೇರೆ ದಾರಿಯೂ ಇತ್ತು, ಈಗ ಕಾಯುವುದೊಂದೇ ಎಂದು ನರ್ಸಮ್ಮ ಗದರಿದಳು. ಮುಟ್ಟಾಗಬೇಕಾದ ದಿನ ಬಂತು, ಹೋಯಿತು, ಮುಟ್ಟಾಗಲಿಲ್ಲ. ಮೂಲೆ ಹಿಡಿದು ಹತ್ತಿರ ಬಂದಾಗಲೂ ದಪ್ಪಕ್ಕ ಮಾತಾಡುತ್ತಿರಲಿಲ್ಲ. ಗಂಡ ಮಲಗುವುದನ್ನು ಬಿಟ್ಟು ಮಧ್ಯಾಹ್ನ ಲಾಂಡ್ರಿ ಗೇಟಿನಲ್ಲಿ ಬಂದು ನಿಲ್ಲುತ್ತಿದ್ದ. ಹತ್ತನೇ ದಿನ ಅವಳು ಗೇಟಿಗೆ ಹೋಗಿ ಅವನಿಗೆ ಏನೋ ಹೇಳಿದಳು. ಅವನು ಅಲ್ಲೇ ರಸ್ತೆ ಬದಿ ಕುಕ್ಕರಿಸಿದ. ಮುಟ್ಟಾಗಿತ್ತು, ಬಸಿರಲ್ಲ.

ಆಮೇಲೆ ಜಗಳವಿರಲಿಲ್ಲ. “ಇವತ್ತು ನಿಂದಾ, ನಂದಾ?” ಎಂದಷ್ಟೇ ಕೇಳುತ್ತಿದ್ದ. ಆರು ವರ್ಷ ಹಾಗೇ ನಡೆಯಿತು. ಆಪರೇಷನ್ನಿಗೆ ಮಾತ್ರ ಅವನು ಹೋಗಲಿಲ್ಲ, ಇವಳೂ ಕೇಳಿ ಕೇಳಿ ಬಿಟ್ಟಳು. ಬೇಡವಾದ ದಿನ ಆಗಲೂ ತಲೆನೋವು ಎಂದೇ ಹೇಳುತ್ತಿದ್ದಳು. ಬರೀ ಬೇಡ ಎಂದರೆ ಆಗದೇ ಎಂದು ನಾನು ಕೇಳಿದ್ದಕ್ಕೆ, ‘ಅಷ್ಟು ಶಕ್ತಿ ಇದ್ದಿದ್ರೆ ಬೆಡ್‌ಶೀಟು ಒಬ್ಳೇ ಮಡಿಸ್ತಿದ್ದೆ’ ಎಂದಳು.

ಮಂಗಳವಾರ ಮಧ್ಯಾಹ್ನ ಮಲಗಿದವಳು ಮತ್ತೆ ಏಳಲಿಲ್ಲ. ಆವತ್ತಿನದನ್ನು ಅವನು ಸ್ಮಶಾನದಿಂದ ಬಂದ ಮೇಲೆ ನನಗೆ ಹೇಳಿದ. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಕೂತಳಂತೆ. ಇವನು ಎಂದಿನಂತೆ ಕೇಳಿದ.

“ಎರಡೂ ಬೇಡ. ನಂಗೆ ಬೇಡ,” ಎಂದಳಂತೆ.

ಯಾಕೆ ಎಂದು ಬಾಯಿಗೆ ಬಂದಿತ್ತಂತೆ. ಕೇಳಲಿಲ್ಲ. ಸರಿ, ಮಲಕ್ಕೋ ಎಂದ. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆಯ ಕಡೆ ಸರಿದು, ಅವನಿಗೂ ಮಲಗಲು ಜಾಗ ಬಿಟ್ಟಳು.