ಆರು ಚಕ್ರದ ಎಲ್ಡನ್

ನಮ್ಮ ಹಾರ್ಲಿಯಲ್ಲಿ ಎಲ್ಡನ್ ಪ್ರೂಯಿಟ್ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸಬಹುದು. ಆರು ಚಕ್ರದ ಎಲ್ಡನ್ ಎಂದರೆ ಮಾತ್ರ ಎಲ್ಲರ ಕೈಯೂ ಒಂದೇ ದಿಕ್ಕಿಗೆ ಏಳುತ್ತದೆ. ಮುಂದೆ ಎರಡು ಚಕ್ರ, ಹಿಂದೆ ಆ ಪಕ್ಕ ಜೋಡಿ ಈ ಪಕ್ಕ ಜೋಡಿ, ಅಂಥ ಬಿಳಿ ಡೀಸೆಲ್ ಪಿಕಪ್ ಅವನದು. ಟೆಕ್ಸಸ್ಸಿನ ಈ ಬಯಲಲ್ಲಿ ಬೀಸುವ ಗಾಳಿಗೆ ಅಡ್ಡ ಎಂಬುದೇ ಇಲ್ಲ. ಸಣ್ಣ ಗಾಡಿಗೆ ಕುದುರೆ ಟ್ರೇಲರ್ ಕಟ್ಟಿಕೊಂಡು ಹೊರಟರೆ ಹಿಂದಿನದು ಮುಂದಿನದನ್ನು ಕುಣಿಸುತ್ತದೆ. ಎಲ್ಡನ್‌ನ ಗಾಡಿ ಕಾಲಗಲಿಸಿ ನಿಂತ ಪೈಲ್ವಾನನ ಹಾಗೆ ರಸ್ತೆ ಹಿಡಿದು ಹೋಗುತ್ತಿತ್ತು. ಅದನ್ನು ನಾನೂ ಒಪ್ಪುತ್ತೇನೆ. ನನ್ನ ಸಿಟ್ಟು ಗಾಡಿಯ ಮೇಲಲ್ಲ.

ನಾನು ಓಲೀಟಾ. ಹೆದ್ದಾರಿ ಪಕ್ಕದಲ್ಲಿ ದನ ಕುದುರೆಗಳ ಮೇವಿನ ಅಂಗಡಿ ಇಟ್ಟುಕೊಂಡಿದ್ದೇನೆ. ಗಂಡ ತೀರಿಕೊಂಡ ಮೇಲೆ ನನಗೆ ಹತ್ತಿರದವಳು ಅಂತ ಇದ್ದವಳು ಎಲ್ಡನ್‌ನ ಹೆಂಡತಿ ಟ್ವೈಲಾ. ಅವಳು ಹುಡುಗಿಯಾಗಿದ್ದಾಗ ರೋಡಿಯೋ ಎಂಬ ಕುದುರೆ ಸವಾರಿಯ ಜಾತ್ರೆಗಳಲ್ಲಿ ಮೂರು ಪೀಪಾಯಿ ಸುತ್ತಿಸಿ ಕುದುರೆ ಓಡಿಸುವ ಪಂದ್ಯದಲ್ಲಿ ಸುತ್ತಮುತ್ತ ಅವಳನ್ನು ಮೀರಿಸುವವರು ಇರಲಿಲ್ಲ. ಆಮೇಲೆ ಮದುವೆ, ಮಕ್ಕಳು, ಶಾಲೆಯ ಅಡುಗೆಮನೆಯ ಕೆಲಸ. ಎಲ್ಡನ್ ಎಣ್ಣೆ ಬಾವಿಗಳ ಪಂಪು ನೋಡಿಕೊಳ್ಳುತ್ತಿದ್ದ. ಮಕ್ಕಳು ತಮ್ಮ ತಮ್ಮ ಮನೆ ಸೇರಿದ ಮೇಲೆ ಟ್ವೈಲಾ ಕೆಂಪು ಬಣ್ಣದ ಹೆಣ್ಣು ಕುದುರೆಮರಿಯೊಂದನ್ನು ತಂದು ತಾನೇ ಸಾಕಿ, ತಾನೇ ಪಳಗಿಸಿದಳು. ಜೂನ್‌ಬಗ್ ಎಂದು ಹೆಸರಿಟ್ಟಳು. ಅದು ತಿರುವಿನಲ್ಲಿ ಬಗ್ಗುವುದನ್ನು ನೋಡಿ ನಾನು ಕೈಲಿದ್ದ ಕಾಫಿ ಚೆಲ್ಲಿಕೊಂಡಿದ್ದೇನೆ.

ಎಲ್ಡನ್ ಅವತ್ತು ಬೇಲಿಗೆ ಒರಗಿ ನಿಂತು ನನ್ನೆದುರಿಗೇ ಮಾತು ಕೊಟ್ಟ.

"ಕೆಲಸ ಬಿಟ್ಟ ತಕ್ಷಣ ದೊಡ್ಡ ಗಾಡಿ ತರ್ತೀನಿ ಕಣೇ. ಒಂದು ಇಡೀ ಸೀಸನ್ನು ಊರೂರು ತಿರುಗೋಣ. ನೀನು ಓಡ್ಸು, ನಾನು ಎಳೀತೀನಿ."

"ಬರೀ ಬಾಯಿ ಮಾತಲ್ಲ ತಾನೆ?" ಎಂದಳು ಟ್ವೈಲಾ.

"ಓಲೀಟಕ್ಕ ಸಾಕ್ಷಿ."

ಮಾತಿನಲ್ಲಿ ಅರ್ಧ ಉಳಿಸಿಕೊಂಡ. ಗಾಡಿ ತಂದ.

ತಂದ ಗಾಡಿ ಹೊರಡುವ ಗಾಡಿಯಾಗಬೇಕಲ್ಲ! ಮೊದಲು ಹಿಂದಿನ ತೊಟ್ಟಿ ಬಿಚ್ಚಿ ಎಸೆದು, ಕಬ್ಬಿಣದ ಚಪ್ಪಟೆ ಹಾಸು ತಾನೇ ಬೆಸುಗೆ ಹಾಕಿ ಕೂರಿಸಿದ. ಹಾಸಿನ ನಡುವೆ, ಅಚ್ಚಿನ ನೇರಕ್ಕೆ, ಟ್ರೇಲರಿನ ಕೊಕ್ಕು ಕೂರುವ ಉಕ್ಕಿನ ಗುಂಡು ಇಳಿಸಿದ. ಭಾರಕ್ಕೆ ಹಿಂಭಾಗ ಕುಸಿಯದಿರಲೆಂದು ಅಚ್ಚಿನ ಮೇಲೆ ಗಾಳಿ ಚೀಲ ಕಟ್ಟಿದ. ಮುಂದೆ ಗೂಳಿಯ ಹಣೆಯಂಥ ತಡೆ, ಅದರೊಳಗೆ ಹೂತ ಗಾಡಿ ಎಳೆಯುವ ವಿಂಚು, ಅದರ ಹಗ್ಗ ಸುತ್ತಿಟ್ಟಿದ್ದು ನೋಡಿದರೆ ಹೊಸ ಸೊಸೆಯ ಜಡೆ. ಹೆಚ್ಚುವರಿ ಡೀಸೆಲ್ ತೊಟ್ಟಿ, ಸುತ್ತಲೂ ದೀಪ, ಹಿಂದೆ ನೋಡಲು ಕ್ಯಾಮೆರಾ. ಒಂದೊಂದು ಮುಗಿದಾಗಲೂ ಟ್ವೈಲಾ ಕೇಳುವಳು, "ಈಗ ಆಯ್ತಾ?" ಅವನು ಒರೆಸುವ ಬಟ್ಟೆಯಲ್ಲಿ ಕೈ ತಿಕ್ಕುತ್ತಾ ಹೇಳುವನು, "ಇನ್ನೊಂದೇ ಒಂದಿದೆ."

ನಮ್ಮ ಕಡೆ ಗಂಡಸರ ಜಾತಿಯೇ ಹಾಗೆ. ಸಿದ್ಧವಿಲ್ಲದ ಗಾಡಿ ಕಟ್ಟಿಕೊಂಡು ಊರು ಬಿಟ್ಟವನನ್ನು ಮಿಕ್ಕವರು ಸಾಯುವ ತನಕ ಆಡಿಕೊಳ್ಳುತ್ತಾರೆ. ಹಾಗೆಂದು ಸಿದ್ಧವಾದ ಗಾಡಿ ಎಂಬುದನ್ನು ನಾನಂತೂ ಕಂಡಿಲ್ಲ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಕಥೆ ಅದು.

ಇದರ ಮೇಲೆ ಊರು ಬೇರೆ. ಅಂಥ ಗಾಡಿ ಇಟ್ಟುಕೊಂಡವನು ಕರೆದಾಗ ಒಲ್ಲೆ ಅನ್ನುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಹೂತುಹೋದ ಟ್ರ್ಯಾಕ್ಟರಿಗೆ ಎಲ್ಡನ್, ಹುಲ್ಲಿನ ಸುರುಳಿಗೆ ಎಲ್ಡನ್, ಮಗಳ ಮನೆಗೆ ಸಾಮಾನು ಸಾಗಿಸಲು ಎಲ್ಡನ್. ಒಮ್ಮೆ ಚರ್ಚಿನವರು ಇಡೀ ಮರದ ಕೊಠಡಿಯೊಂದನ್ನೇ ಅವನ ಹಿಂದೆ ಕಟ್ಟಿ ಊರಾಚೆಗೆ ಸಾಗಿಸಿದರು. ಪ್ರತಿ ಸಲವೂ ಏನಾದರೊಂದು ಸವೆಯುವುದು, ಅದನ್ನು ಸರಿಮಾಡಲು ಇನ್ನೊಂದು ವಾರ. ನನ್ನ ಅಂಗಡಿಗೇ ಬಂದು ಕೇಳುತ್ತಿದ್ದರು, "ಎಲ್ಡನ್ ಖಾಲಿ ಇದಾನಾ?"

"ಅವನೇನು ಛತ್ರಾನಾ, ಖಾಲಿ ಇರೋಕೆ?" ಎಂದು ನಾನು ಹರಿಹಾಯುತ್ತಿದ್ದೆ. ಅವರು ನಕ್ಕು ಅವನಿಗೇ ಫೋನು ಮಾಡುತ್ತಿದ್ದರು. ಅವನು ಎತ್ತಿ, "ಬಂದೆ" ಎನ್ನುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ.

ಅವನು ಕೆಟ್ಟವನಲ್ಲ. ಹಾಗಿದ್ದಿದ್ದರೆ ಇದನ್ನು ಹೇಳುವುದು ಎಷ್ಟೋ ಸುಲಭವಿತ್ತು. ಕಷ್ಟದಲ್ಲಿದ್ದವರ ದನಿ ಕೇಳಿದರೆ ಅವನಿಗೆ ನಿಜಕ್ಕೂ ಕೂರಲಾಗುತ್ತಿರಲಿಲ್ಲ. ಟ್ವೈಲಾ ಮಾತ್ರ ಕಷ್ಟದಲ್ಲಿರುವಂತೆ ಅವನ ಕಣ್ಣಿಗೆ ಕಾಣಲೇ ಇಲ್ಲ. ಅವಳು ದನಿ ಎತ್ತುವವಳಲ್ಲ. ವಸಂತ ಬಂದರೆ "ಬೇಸಿಗೆಗೆ ಹೋಗೋಣ" ಎನ್ನುವನು, ಬೇಸಿಗೆ ಕಳೆದರೆ "ಬರೋ ವರ್ಷ". ಅವಳು ಜೀನಿಗೆ ಎಣ್ಣೆ ಹಚ್ಚಿ ಮತ್ತೆ ಗೂಟಕ್ಕೆ ಹಾಕುವಳು. ಜೂನ್‌ಬಗ್‌ಗೆ ವಯಸ್ಸಾಗುತ್ತಿತ್ತು. ಒಂದು ದಿನ ಮೇವು ಕೊಳ್ಳಲು ಬಂದವಳು ಮೂಟೆಯ ಮೇಲೆ ಕುಳಿತು ಹೇಳಿದಳು:

"ಅಕ್ಕಾ, ಅದರ ಹಿಂಗಾಲು ಬಿಗಿ ಹಿಡೀತಿದೆ ಕಣೆ. ಬಿಸಿಯಾದ್ಮೇಲೆ ಸಡಿಲ ಆಗತ್ತೆ. ಈ ವರ್ಷ ಓಡತ್ತೆ. ಮುಂದಿನ ವರ್ಷ ಇಲ್ಲ."

"ಅವನಿಗೆ ಹೇಳಿದ್ಯಾ?"

"ಹೇಳ್ದೆ. ಕಾಲಿಗೆ ಆರಾಮಾಗ್ಲಿ ಅಂತ ಟ್ರೇಲರಿಗೆ ದಪ್ಪ ರಬ್ಬರ್ ಹಾಸು ತರಿಸ್ತಾನಂತೆ." ಅವಳು ನಕ್ಕಳು, ನನಗೆ ನಗು ಬರಲಿಲ್ಲ.

ಆ ಏಪ್ರಿಲ್‌ನಲ್ಲಿ ಪಕ್ಕದ ಜಿಲ್ಲೆಯ ರೋಡಿಯೋಗೆ ಅವಳು ಹೆಸರು ಕೊಟ್ಟಳು. ಶನಿವಾರ ಮಧ್ಯಾಹ್ನದ ಓಟ. ಎಲ್ಡನ್ ಈ ಸಲ ನಿಜವಾಗಿ ಒಪ್ಪಿದ. ಶುಕ್ರವಾರವಿಡೀ ಗಾಡಿ ತೊಳೆದು, ಟ್ರೇಲರಿನ ಬೋಲ್ಟು ಬಿಗಿದು, ಟಯರುಗಳನ್ನೆಲ್ಲ ಬಡಿದು ನೋಡಿದ. ಟ್ವೈಲಾ ಹೊಸ ಅಂಗಿಗೆ ಇಸ್ತ್ರಿ ಹಾಕಿಕೊಂಡಳು.

ಶನಿವಾರ ಬೆಳಿಗ್ಗೆ ಅವನ ಫೋನು ಬಡಿದುಕೊಂಡಿತು. ಯಾರೋ ಪರವೂರಿನವನು, ಕರು ತುಂಬಿದ ಟ್ರೇಲರ್, ಅವನ ಗಾಡಿಯ ಗೇರು ಹೋಗಿದೆ, ಕರುಗಳು ರಸ್ತೆಯಲ್ಲಿ ನಿಂತಿವೆ. ಎಲ್ಡನ್ "ಬಂದೆ" ಎಂದ. ಹೆಂಡತಿಗೆ, "ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ, ನೀನು ಜೀನು ಹೊರಗಿಡು" ಎಂದು ಕುದುರೆಯ ಟ್ರೇಲರನ್ನು ಬಿಚ್ಚಿ ಅಂಗಳದಲ್ಲಿ ಬಿಟ್ಟು ಹೊರಟ.

ಟ್ವೈಲಾ ಕಾದಳು. ಹೊತ್ತು ಏರುತ್ತಾ ಗಾಳಿಯೂ ಏರಿತು. ಅಂಗಳದಲ್ಲಿದ್ದ ದೊಡ್ಡ ಟ್ರೇಲರು ಬೇರೆ ಗಾಡಿಗೆ ಕೂರುವಂಥದ್ದಲ್ಲ. ಕೊನೆಗೆ ಅವಳು ತನ್ನ ತಮ್ಮನ ಸಣ್ಣ ಪಿಕಪ್ಪನ್ನೂ ಎರಡು ಕುದುರೆ ಹಿಡಿಸುವ ಅವನ ಹಸಿರು ಟ್ರೇಲರನ್ನೂ ಕೇಳಿ ತಂದು, ಜೂನ್‌ಬಗ್‌ನ್ನು ಹತ್ತಿಸಿಕೊಂಡು ಹೊರಟಳು. ದಾರಿಯಲ್ಲಿ ನನ್ನಲ್ಲಿ ನಿಂತು ಒಂದು ಬಾಟಲಿ ನೀರು ತೆಗೆದುಕೊಂಡಳು. ಅಂಗಡಿಯ ತಗಡಿನ ಮಾಡು ಪಟಪಟ ಹೊಡೆದುಕೊಳ್ಳುತ್ತಿತ್ತು.

"ಹುಚ್ಚಾ ನಿಂಗೆ? ಈ ಗಾಳೀಲಿ ಈ ಡಬ್ಬಾ ಕಟ್ಕೊಂಡು ಹೋಗ್ತೀಯಾ? ಸ್ವಲ್ಪ ಹೊತ್ತು ತಡಿ, ಬರ್ತಾನೆ."

"ಬರ್ತಾನೆ ಅಕ್ಕಾ. ಅವನು ಯಾವಾಗ್ಲೂ ಬರ್ತಾನೆ. ಓಟ ಮುಗಿದಿರತ್ತೆ ಅಷ್ಟೆ." ಅವಳು ನನ್ನ ಕೆನ್ನೆ ಮುಟ್ಟಿದಳು. "ಇವತ್ತೊಂದಿನ ಓಡಿಸ್ಬಿಡ್ತೀನಿ. ಆಮೇಲೆ ಏನೂ ಕೇಳಲ್ಲ."

ಅವಳು ಹೋಗಿ ಸ್ವಲ್ಪ ಹೊತ್ತಿಗೆಲ್ಲ ಬಿಳಿ ಗಾಡಿ ಧೂಳೆಬ್ಬಿಸಿಕೊಂಡು ಬಂತು. ಎಲ್ಡನ್ ಮನೆಗೆ ಹೋಗಿ ಖಾಲಿ ಲಾಯ ನೋಡಿ ಬಂದಿದ್ದ.

"ಓಲೀಟಕ್ಕ, ಟ್ವೈಲಾ ಬಂದಿದ್ಲಾ?"

"ಬಂದಿದ್ಲು, ಹೋದ್ಲು. ತಮ್ಮನ ಗಾಡೀಲಿ."

"ಆ ಹಸಿರು ಡಬ್ಬಾನಾ? ಈ ಗಾಳಿಗೆ?" ಅವನ ಮುಖ ಬಿಳಿಚಿತು. ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಫೋನು. ಊರಿನ ಅಗ್ನಿಶಾಮಕ ತಂಡದ ಡ್ವೇನ್. ಅವನು ಕಿರುಚುತ್ತಿದ್ದುದು ನನಗೂ ಕೇಳಿಸಿತು.

"ಎಲ್ಡನ್, ಕಾಳು ತುಂಬಿಡೋ ಗೋಪುರದ ತಿರುವಲ್ಲಿ ಟ್ರೇಲರ್ ಮಗುಚಿದೆ, ಒಳಗೆ ಕುದುರೆ ಇದೆ. ನಾನಿನ್ನೂ ದಾರೀಲಿದೀನಿ. ನಿನ್ನ ವಿಂಚು ಬೇಕು, ಬೇಗ ಬಾರೋ."

ಯಾವ ಬಣ್ಣದ್ದು ಎಂದು ಎಲ್ಡನ್ ಕೇಳಲಿಲ್ಲ. "ಬಂದೆ" ಎಂದ. ನಾನು ಅಂಗಡಿಗೆ ಬೀಗ ಕೂಡ ಹಾಕದೆ ಹಿಂದಿನ ಸೀಟಿಗೆ ಹತ್ತಿದೆ. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ. "ಬೇರೆ ಯಾರದ್ದೋ ಇರುತ್ತೆ ಅಕ್ಕಾ. ಬೇರೆ ಯಾರದ್ದೋ."

ಹಸಿರು ಟ್ರೇಲರ್ ಚರಂಡಿಯಲ್ಲಿ ಅಡ್ಡ ಬಿದ್ದಿತ್ತು. ಪಿಕಪ್ ಅದರ ಜೊತೆ ತಿರುಚಿಕೊಂಡು ನಿಂತಿತ್ತು. ಟ್ವೈಲಾ ಹುಲ್ಲಿನ ಮೇಲೆ ಕೂತಿದ್ದಳು, ಒಂದು ಮಣಿಕಟ್ಟು ಊದಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ಇನ್ನೊಂದು ಕೈ ಟ್ರೇಲರಿನ ಒಡೆದ ಕಿಂಡಿಯೊಳಗೆ, ಜೂನ್‌ಬಗ್‌ನ ಹಣೆಯ ಮೇಲಿತ್ತು. ಕುದುರೆಯ ಕತ್ತು ಮುರಿದಿತ್ತು. ನಾವು ಮುಟ್ಟುವ ಮೊದಲೇ ಅದರ ಉಸಿರು ನಿಂತಿತ್ತು.

ನಮ್ಮ ಹಿಂದೆಯೇ ತಂಡದೊಂದಿಗೆ ಬಂದಿಳಿದ ಡ್ವೇನ್ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದ. "ಎಲ್ಡನ್, ನಿನ್ನ ಮನೇದು ಅಂತ ಗೊತ್ತಿದ್ದಿದ್ರೆ ನಾನು ಹಾಗೆ..." ಎಂದು ತಡವರಿಸಿದ. ಎಲ್ಡನ್ ಅವನತ್ತ ನೋಡಲೂ ಇಲ್ಲ. ಹೆಂಡತಿಯ ಪಕ್ಕ ಮಂಡಿಯೂರಿದ. ಅವಳೇ ಹೇಳಿದಳು.

"ಎಬ್ಬಿಸು ಎಲ್ಡನ್. ಕತ್ತು ಕೆಳಗಾಗಿ ಮಲಗಿದೆ ಅದು."

ಅವನು ಎದ್ದ. ವಿಂಚಿನ ಹಗ್ಗ ಎಳೆದು ಕೊಂಡಿ ಹಾಕಿದ. ಟ್ರೇಲರ್ ಒಂದೇ ಎಳೆತಕ್ಕೆ ನೆಟ್ಟಗಾಯಿತು. ನಾವು ನಾಲ್ಕಾರು ಜನ ಸೇರಿ ಕಬ್ಬಿಣದ ಹಾಸಿಗೆ ಹಲಗೆಗಳನ್ನು ಓರೆಯಾಗಿ ಒರಗಿಸಿ, ಹಗ್ಗ ಹಾಕಿ ಕುದುರೆಯನ್ನು ಮೇಲಕ್ಕೆಳೆದೆವು. ಅಷ್ಟು ಭಾರ ಕೂತರೂ ಗಾಡಿಯ ಹಿಂಭಾಗ ಒಂದು ಬೆರಳು ಇಳಿಯಲಿಲ್ಲ. ಅವನು ವರ್ಷಗಟ್ಟಲೆ ಮಾಡಿದ ಯಾವ ಕೆಲಸವೂ ಕೈಕೊಡಲಿಲ್ಲ. ಈ ಗಾಡಿ ಎಂದೋ ಸಿದ್ಧವಾಗಿತ್ತಲ್ಲೋ ಪಾಪಿ ಎಂದು ಕೂಗಬೇಕೆನಿಸಿತು. ಅವನು ಟಾರ್ಪಾಲು ಹೊದಿಸಿ, ಕಟ್ಟಿದ ಅಂಚನ್ನೇ ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದುದನ್ನು ನೋಡಿ ಕೂಗಲಾಗಲಿಲ್ಲ. ನನಗೂ ಅಳು ತಡೆಯಲಾಗಲಿಲ್ಲ.

ಟ್ವೈಲಾಳನ್ನು ಮುಂದಿನ ಸೀಟಿಗೆ ಹತ್ತಿಸಿ ಹೊರಟೆವು. ಮೊದಲು ಆಸ್ಪತ್ರೆ ಎಂದ ಅವನು. ಮೊದಲು ಮನೆ ಎಂದಳು ಅವಳು. ಹೊರಗೆ ಗಾಳಿ ಬಡಿಯುತ್ತಿತ್ತು, ಗಾಡಿ ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಎದುರು ಬಂದ ಗಾಡಿಯವರು ಎಂದಿನಂತೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ಎಲ್ಡನ್‌ಗೆ ನಮಸ್ಕಾರ ಹೇಳಿದರು. ಅವನು ಬೆರಳೆತ್ತಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬಡಿದು ಬಡಿದು ನಿಂತು, ಮತ್ತೆ ಶುರುವಾಯಿತು.

"ಎತ್ತು," ಎಂದಳು ಟ್ವೈಲಾ. "ಪಾಪ, ಯಾರೋ ಕಾಯ್ತಿರ್ತಾರೆ."

ಅವನು ಎತ್ತಿದ. ಆ ಕಡೆಯವರು ಏನೋ ಹೇಳಿದರು. ಹುಲ್ಲು ಕಟ್ಟುವ ಯಂತ್ರ, ಸೇತುವೆಯ ಹತ್ತಿರ, ಅಷ್ಟೇ ನನಗೆ ಕೇಳಿಸಿದ್ದು.

"ಇವತ್ತು ಆಗಲ್ಲಪ್ಪ," ಎಂದ ಎಲ್ಡನ್.

ಆ ಕಡೆಯವರು ಸರಿ ಬಿಡು ಎಂದರು, ಫೋನಿಟ್ಟರು. ಏನೂ ಆಗಲಿಲ್ಲ. ಟ್ವೈಲಾ ಅವನ ಕಡೆ ತಿರುಗಿ, ನಿಜಕ್ಕೂ ತಿಳಿಯದವಳ ಹಾಗೆ ಅವನ ಮುಖ ನೋಡಿದಳು.

"ಇಷ್ಟೇನಾ ಎಲ್ಡನ್?" ಎಂದಳು. "ಇಷ್ಟೇ ಇಷ್ಟು ಮಾತಾ ಅದು?"